ಎರಡನೇ ಹಸಿರು ಮುಚ್ಚಳ

“ಬರಿಗೈಲಿ ಮುಟ್ಟಬೇಡಿ!”

ಹೆರ್ಮಿನೆ ಹೇಳುವಷ್ಟರಲ್ಲಿ ಮಹ್‌ಲಗಾ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಎಸೆದಾಗಿತ್ತು. ಹಸಿರು ಬಣ್ಣದ ತಗಡಿನ ಮುಚ್ಚಳ. ಗಿರಗಿರ ತಿರುಗಿ, ಸಕ್ಕರೆ ಬಟ್ಟಲಿಗೆ ತಾಗಿ ಮಗುಚಿ ಬಿತ್ತು. ಆಮೇಲೆ ರೊಟ್ಟಿ ಸುತ್ತಿ ತರುವ ಬಟ್ಟೆಯೊಳಗಿಂದ ಕಂದು ಬಣ್ಣದ ಖಾಲಿ ಬಾಟಲಿಯೊಂದು ಹೊರಗೆ ಬಂತು.

“ನಿಮ್ಮದೇ ತಾನೆ?” ಮಹ್‌ಲಗಾ ಬಾಟಲಿಯನ್ನು ಮುಂದಕ್ಕೆ ದೂಡಿದಳು. “ಹಸಿರು ಮುಚ್ಚಳ ಅಂದ್ರೆ ಹೆರ್ಮಿನೆ ಖಾನುಂದು. ಮೂರು ವರ್ಷದಿಂದ ನಮ್ಮ ಫ್ರಿಜ್ಜಲ್ಲಿ ನೋಡ್ತಾನೇ ಇದ್ದೀನಿ. ಅಲ್ಲ ಅಂತ ಹೇಳಿ ನೋಡೋಣ.”

ಹಸಿರು ತನ್ನದೇ ಗುರುತೆಂಬುದು ಹೆರ್ಮಿನೆಗೂ ಗೊತ್ತಿತ್ತು.

ಮಹ್‌ಲಗಾಳ ಗಂಡ ಇರಜ್ ಮಂಗಳವಾರ ಮಧ್ಯಾಹ್ನ ಊಟದ ಜೊತೆ ಈ ಬಾಟಲಿಯ ಬಿಯರ್ ಕುಡಿದಿದ್ದ. ಬುಧವಾರ ಬೆಳಿಗ್ಗೆ ಎದ್ದವನಿಗೆ ಕಿಟಕಿ ಯಾವ ಕಡೆಗಿದೆ ಎಂಬುದೇ ಕಾಣಲಿಲ್ಲ. ನಾರ್ಮಕ್ ಬಡಾವಣೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದ ವೈದ್ಯರು ಮೆಥನಾಲ್ ವಿಷ ಎಂದು ಬರೆದರು. ರಾತ್ರಿಯಿಂದ ಅವನಿಗೆ ಎಚ್ಚರವಿರಲಿಲ್ಲ. ಇವತ್ತು ಗುರುವಾರ, ಗಡಿಯಾರದಲ್ಲಿ ಹನ್ನೊಂದಾಗಿತ್ತು.

“ಸಂಜೆ ನಾಲ್ಕಕ್ಕೆ ಪೊಲೀಸರು ಮನೆಗೆ ಬರ್ತಾರಂತೆ,” ಎಂದಳು ಮಹ್‌ಲಗಾ. “ಏನು ಕುಡಿದ್ರು, ಎಲ್ಲಿಂದ ಬಂತು, ಯಾರು ಕೊಟ್ರು. ಎಲ್ಲಾ ಕೇಳ್ತಾರೆ. ನಾನು ಏನು ಹೇಳ್ಲಿ? ನೀವೇ ಹೇಳಿಕೊಡಿ.”

ಹೆರ್ಮಿನೆ ಗಡಿಯಾರ ನೋಡಿದಳು. ಅವಳು ಅರ್ಮೇನಿಯನ್ನಳು. ತನ್ನ ಮನೆಯಲ್ಲಿ ತನ್ನ ಮಟ್ಟಿಗೆ ಬಾರ್ಲಿ ಹುಳಿಸಿ ಕುಡಿದರೆ ತೆಹ್ರಾನಿನಲ್ಲಿ ಯಾರೂ ಬಾಗಿಲು ಬಡಿಯುತ್ತಿರಲಿಲ್ಲ. ಆದರೆ ಅದರಲ್ಲಿ ಒಂದೇ ಒಂದು ಬಾಟಲಿ ಪಕ್ಕದ ಮುಸಲ್ಮಾನನ ಕೈಗೆ ಹೋದರೆ ಅಪರಾಧ. ಅದನ್ನು ಕುಡಿದು ಅವನ ಕಣ್ಣು ಹೋದರೆ? ಪ್ರಾಣವೇ ಹೋದರೆ?

ಇಪ್ಪತ್ತೇಳು ವರ್ಷ ಅವಳು ಪ್ರಯೋಗಾಲಯವೊಂದರಲ್ಲಿ ಕೂತು, ಸತ್ತವರ ಹೊಟ್ಟೆಯಲ್ಲಿ ಯಾವ ವಿಷವಿತ್ತೆಂದು ಬರೆದುಕೊಟ್ಟವಳು. ನಿವೃತ್ತಿಯಾಗಿ ನಾಲ್ಕು ವರ್ಷವಾದ ಮೇಲೆ, ಅಂಥದೇ ಒಂದು ಕಡತದಲ್ಲಿ ತನ್ನ ಹೆಸರು ಬರುವ ಹೊತ್ತು ಬಂದಿತ್ತು.

“ಕೂತ್ಕೊಳ್ಳಿ,” ಎಂದಳು. “ನಾನು ಮೊದಲು ನೋಡ್ತೀನಿ. ಹೇಳೋದೇನಿದ್ರೂ ಆಮೇಲೆ.”

ಕೈಗವಸು ಹಾಕಿಕೊಂಡು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂಸಿದಳು. ಬಾರ್ಲಿಯ ಹುಳಿ ವಾಸನೆ, ಅಷ್ಟೇ. ತಳವನ್ನು ನೋಡಿದಳು. ಮತ್ತೊಮ್ಮೆ ನೋಡಿದಳು.

“ಇದನ್ನ ತೊಳೆದ್ರಾ?”

“ತೊಳೆಯೋಕೆ ಯಾರಿಗೆ ಕೈ ಬರುತ್ತೆ? ಕಸದ ಬುಟ್ಟಿಯಿಂದ ಹಾಗೇ ಎತ್ಕೊಂಡು ಬಂದೆ.”

“ಕುಡೀವಾಗ ಇರಜ್ ಏನಾದ್ರೂ ಅಂದ್ನಾ?”

ಮಹ್‌ಲಗಾ ತಲೆಯ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು. “ನೊರೆನೇ ಇಲ್ಲ, ಸಪ್ಪೆ ಅಂದ್ರು. ಹೆರ್ಮಿನೆಗೂ ವಯಸ್ಸಾಯ್ತು ಅಂತ ನಕ್ರು. ನಕ್ಕೊಂಡೇ ಪೂರ್ತಿ ಕುಡಿದ್ರು. ಚೆಲ್ಲಿದ್ರೆ ನಿಮಗೆ ಬೇಜಾರಾಗುತ್ತೆ ಅಂತ.”

ಆ ಮಾತು ಹೆರ್ಮಿನೆಯ ಎದೆಗೆ ನಾಟಿತು. ಆದರೂ ಅವಳು ಎದ್ದು ಉಗ್ರಾಣದ ಬಾಗಿಲು ತೆರೆದು, ತನ್ನದೇ ಬಾಟಲಿಯೊಂದನ್ನು ತಂದು ಪಕ್ಕಕ್ಕಿಟ್ಟಳು.

“ಇದು ನನ್ನದು. ತಳ ನೋಡಿ. ಬೆಳ್ಳಗೆ ಗಷ್ಟು ಕೂತಿದೆ ಅಲ್ವಾ? ಬಾಟಲಿಗೆ ತುಂಬುವಾಗ ನಾನು ಒಂದು ಚಮಚ ಸಕ್ಕರೆ ಹಾಕ್ತೀನಿ. ಒಳಗೆ ಮತ್ತೆ ಹುಳಿಯುತ್ತೆ, ನೊರೆ ಕಟ್ಟುತ್ತೆ. ಆ ಗಷ್ಟು ತಳಕ್ಕೆ ಅಂಟಿಕೊಂಡ್ರೆ ಬ್ರಷ್ ಹಾಕಿ ಉಜ್ಜಿದ್ರೂ ಬೇಗ ಬಿಡಲ್ಲ. ನಿಮ್ಮ ಬಾಟಲಿ ತಳ ಕನ್ನಡಿ ಹಾಗಿದೆ.”

“ಅದರಿಂದ ಏನಾಯ್ತು?”

“ಇನ್ನೂ ಇದೆ. ಮುಚ್ಚಳ ನೋಡಿ.”

ಭೂತಗನ್ನಡಿಯನ್ನು ಮಹ್‌ಲಗಾಳ ಕೈಗಿತ್ತು, ತನ್ನ ಬಾಟಲಿಯ ಮುಚ್ಚಳದ ನೆತ್ತಿಯನ್ನು ಬೆರಳಿನಿಂದ ತೋರಿಸಿದಳು. ನಟ್ಟನಡುವೆ ಸಣ್ಣದೊಂದು ತಗ್ಗು, ಬಟಾಣಿ ಒತ್ತಿದಂತೆ. ಮುಚ್ಚಳ ಒತ್ತಲು ಹೆರ್ಮಿನೆ ಬಳಸುತ್ತಿದ್ದುದು ಅಪ್ಪನ ಕಾಲದ ಎರಡು ಹಿಡಿಕೆಯ ಇಕ್ಕಳದಂಥ ಸಾಧನ. ಅದರ ನಡುವಿನ ಮೊಳೆ ಪ್ರತಿ ಮುಚ್ಚಳಕ್ಕೂ ಈ ಗುರುತು ಬಿಡುತ್ತಿತ್ತು.

ಇರಜ್ ತೆಗೆದ ಮುಚ್ಚಳದ ನೆತ್ತಿ ನುಣ್ಣಗಿತ್ತು.

“ಬಣ್ಣ ನನ್ನದು. ಒತ್ತಿದ ಕೈ ನನ್ನದಲ್ಲ,” ಎಂದಳು ಹೆರ್ಮಿನೆ. “ಮಹ್‌ಲಗಾ, ಬಾರ್ಲಿ ಎಷ್ಟೇ ಕೆಟ್ಟು ಹುಳಿತರೂ ಕಣ್ಣು ಹೋಗುವಷ್ಟು ಮೆಥನಾಲ್ ಅದರಲ್ಲಿ ಹುಟ್ಟೋದಿಲ್ಲ. ಯಾರೋ ಹೊರಗಿಂದ ಸುರಿದಿದ್ದಾರೆ.”

ಮಹ್‌ಲಗಾ ಎರಡೂ ಮುಚ್ಚಳಗಳನ್ನು ಭೂತಗನ್ನಡಿಯಲ್ಲಿ ಹೋಲಿಸಿ ನೋಡಿದಳು. ಕೊನೆಗೆ ಮೆಲ್ಲಗೆ ಕೇಳಿದಳು. “ಹಾಗಾದ್ರೆ ಫ್ರಿಜ್ಜಲ್ಲಿರೋ ಇನ್ನೊಂದು?”

“ಯಾವ ಇನ್ನೊಂದು?”

“ಇನ್ನೊಂದು ಹಸಿರು ಮುಚ್ಚಳದ್ದು. ಮುಚ್ಚಳ ತೆಗೆದಿಲ್ಲ, ಹಾಗೇ ಇದೆ.”

ಹೆರ್ಮಿನೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಶುಕ್ರವಾರ ತಾನು ಇರಜ್‌ಗೆ ಕೊಟ್ಟಿದ್ದು ಒಂದೇ ಬಾಟಲಿ.

*

ಶುಕ್ರವಾರದ ಮಧ್ಯಾಹ್ನಗಳು ಹಾಗೆ. ಇರಜ್ ಮನೆಯ ಹಿಂದಿನ ಕೋಣೆ, ಎಳೆದ ಪರದೆ, ಹೆಚ್ಚಿದ ಸೌತೆಕಾಯಿ, ಉಪ್ಪು ಹಾಕಿ ಹುರಿದ ಪಿಸ್ತಾ. ನಾಲ್ಕೇ ಜನ. ಭೂಗೋಳ ಪಾಠ ಮಾಡುತ್ತಿದ್ದ ಇರಜ್, ಫ್ರಿಜ್ ರಿಪೇರಿಯ ಕಿಯೂಮರ್ಸ್, ಮನೆಯಲ್ಲೇ ಕೂತು ಅನುವಾದ ಮಾಡುವ ದೆಲಾರಾಮ್, ಮತ್ತೆ ಹೆರ್ಮಿನೆ. ಪ್ರತಿಯೊಬ್ಬರೂ ಉಳಿದ ಮೂವರಿಗೆ ತಲಾ ಒಂದು ಬಾಟಲಿ ತರಬೇಕೆಂಬುದು ಕಟ್ಟಳೆ. ಯಾರದು ಯಾವುದೆಂದು ತಿಳಿಯಲು ಮುಚ್ಚಳದ ಬಣ್ಣ.

ಹಿಂದಿನ ದಿನವೇ ಫೋನಿನ ಗುಂಪಿನಲ್ಲಿ ಇರಜ್ ಕೇಳುತ್ತಿದ್ದ. “ಯಾರ ಜಾಡೀಲಿ ಏನಿದೆ, ಹೇಳ್ರಪ್ಪಾ.” ಬಿಯರ್ ಎಂಬ ಶಬ್ದವನ್ನು ಅಲ್ಲಿ ಯಾರೂ ಬರೆಯುತ್ತಿರಲಿಲ್ಲ. ಗುಂಪಿನ ಹೆಸರೇ ಉಪ್ಪಿನಕಾಯಿ ಪ್ರಿಯರು.

ದೆಲಾರಾಮ್ ಬರೆದಿದ್ದಳು. “ನಂದು ಹುಳಿ ಉಪ್ಪಿನಕಾಯಿ. ಒಣಗಿಸಿದ ಜರೇಷ್ಕ್ ಹಣ್ಣು ಹಾಕಿದ್ದೀನಿ, ಬಣ್ಣ ನೋಡಿದ್ರೆ ಮುತ್ತು ಕೊಡ್ತೀರ. ತಂಗಿ ನಿಶ್ಚಿತಾರ್ಥಕ್ಕೆ ಇಪ್ಪತ್ತು ಲೀಟರ್.”

ಕಿಯೂಮರ್ಸ್ ಬರೆದಿದ್ದ. “ಕಪ್ಪು ಉಪ್ಪಿನಕಾಯಿ. ಖರ್ಜೂರದ ಪಾಕ. ಹುಳಿಯೋಕೆ ಹದಿನೆಂಟು ಡಿಗ್ರಿ ಅಂದ್ರೆ ಹದಿನೆಂಟೇ, ಕೂದಲೆಳೆ ಆಚೀಚೆ ಇಲ್ಲ. ನಿಮ್ಮ ಹಾಗೆ ಬಚ್ಚಲಲ್ಲಿ ಇಟ್ಟು ದೇವರ ಮೇಲೆ ಭಾರ ಹಾಕೋನಲ್ಲ ನಾನು.”

ಇರಜ್ ಉತ್ತರಿಸಿದ್ದ. “ನಂದು ಎರಡು ಜಾಡಿ ನಿನ್ನೆ ಸಿಡಿದವು. ಈಗ ಅದರ ರುಚಿ ನೋಡಬೇಕು ಅಂದ್ರೆ ಛಾವಣಿ ನೆಕ್ಕಬೇಕು.”

ಹೆರ್ಮಿನೆ ಎಂದಿನಂತೆ, “ನನ್ನದು ಸಾದಾ” ಎಂದಷ್ಟೇ ಬರೆದಿದ್ದಳು. ಅವಳ ಸಾದಾ ಬಿಯರ್ ಅನ್ನೇ ಇರಜ್ ಪ್ರತಿ ಸಲ ಮೊದಲು ಹೊಗಳುತ್ತಿದ್ದ. ಅದಕ್ಕೆ ಕಿಯೂಮರ್ಸ್ ಪ್ರತಿ ಸಲ ಮುಖ ಊದಿಸಿಕೊಳ್ಳುತ್ತಿದ್ದ. ಅದೊಂದು ತಮಾಷೆ ಎಂದೇ ಎಲ್ಲರೂ ತಿಳಿದಿದ್ದರು.

ಕಳೆದ ಶುಕ್ರವಾರ ಹೊರಡುವಾಗ ಮಾತ್ರ ಇರಜ್ ನಗಲಿಲ್ಲ. ಬಾಗಿಲಲ್ಲಿ ನಿಂತು, “ಮುಂದಿನ ವಾರ ಯಾರೂ ತಪ್ಪಿಸಬೇಡಿ. ಒಂದು ವಿಷಯ ಮಾತಾಡ್ಬೇಕು,” ಎಂದಿದ್ದ. ಏನೆಂದು ಕೇಳಿದರೆ ಹೇಳಲಿಲ್ಲ.

ಈಗ ಮೇಜಿನ ಮುಂದೆ ಕೂತು ಹೆರ್ಮಿನೆ ಲೆಕ್ಕ ಹಾಕಿದಳು. ಗುರುತು ಬೀಳದಂತೆ ಮುಚ್ಚಳ ಒತ್ತುವ ಯಂತ್ರ ಗುಂಪಿನಲ್ಲಿ ಒಂದೇ ಇತ್ತು. ಮೇಜಿಗೆ ಬಿಗಿದು, ಮೇಲಿಂದ ಸನ್ನೆ ಎಳೆದು ಒತ್ತುವಂಥದ್ದು. ಕಿಯೂಮರ್ಸ್ ತನ್ನ ಕೈಯಾರೆ ಮಾಡಿಕೊಂಡದ್ದು. ಅದನ್ನು ಆಗಾಗ ಎರವಲು ಒಯ್ಯುತ್ತಿದ್ದವಳು ದೆಲಾರಾಮ್. ಹೆರ್ಮಿನೆಯ ಹಸಿರು ಮುಚ್ಚಳಗಳು ಚಳಿಗಾಲದಲ್ಲಿ ಇಬ್ಬರಿಗೂ ಒಂದೊಂದು ಹಿಡಿ ಹೋಗಿದ್ದವು.

ಇಬ್ಬರು. ಇಬ್ಬರೂ ಅವಳ ಮನೆಯ ಚಹಾ ಕುಡಿದವರು.

ಮಹ್‌ಲಗಾ ಬಾಟಲಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಮುಚ್ಚಳವನ್ನು ಮಾತ್ರ ಹೆರ್ಮಿನೆಯ ಕಡೆಗೆ ದೂಡಿದಳು.

“ನಾಲ್ಕು ಗಂಟೆವರೆಗೆ ಇದು ನಿಮ್ಮ ಹತ್ರ ಇರಲಿ. ನಾನು ಆಸ್ಪತ್ರೆಗೆ ಹೋಗ್ತೀನಿ. ನಾಲ್ಕಕ್ಕೆ ಮನೆಗೆ ಬಂದು ಅವರ ಮುಂದೆ ಕೂರಬೇಕು. ಅಷ್ಟರಲ್ಲಿ ನೀವು ಬೇರೆ ಹೆಸರು ಕೊಡದೇ ಇದ್ರೆ...” ಅವಳು ಮಾತು ಮುಗಿಸಲಿಲ್ಲ. “ನನಗೆ ಬೇರೆ ದಾರಿ ಇಲ್ಲ, ಹೆರ್ಮಿನೆ ಖಾನುಂ. ಕ್ಷಮಿಸಿ.”

*

ಕಿಯೂಮರ್ಸ್‌ನ ಅಂಗಡಿಯ ಶಟರು ಅರ್ಧಕ್ಕೆ ಇಳಿದಿತ್ತು. ಎರಡೂವರೆಯ ಬಿಸಿಲಿಗೆ ಬೀದಿ ಬಿಕೋ ಎನ್ನುತ್ತಿತ್ತು. ಹೆರ್ಮಿನೆ ಬಗ್ಗಿ ಒಳಗೆ ಹೋದಳು. ಬಾಗಿಲು ಕಳಚಿದ ಫ್ರಿಜ್ಜುಗಳು ಸಾಲಾಗಿ ನಿಂತಿದ್ದವು. ಅವುಗಳ ನಡುವೆ, ನೆಲದ ಮೇಲೆ ಕಾಗದ ಹಾಸಿಕೊಂಡು ಕಿಯೂಮರ್ಸ್ ಊಟ ಮಾಡುತ್ತಿದ್ದ.

“ಆಹಾ, ಹೆರ್ಮಿನೆ ಖಾನುಂ! ನಿಮ್ಮ ಹೆಜ್ಜೆ ನನ್ನ ಕಣ್ಣ ಮೇಲೆ. ಬನ್ನಿ, ಒಂದು ತುತ್ತು ತಿನ್ನಿ.”

“ಹಸಿವಿಲ್ಲ.”

“ಇರಜ್ ಆಘಾ ಹೇಗಿದಾರೆ? ಎರಡು ದಿನದಿಂದ ನನಗೂ ಗಂಟಲಲ್ಲಿ ಅನ್ನ ಇಳೀತಿಲ್ಲ.”

ಕಾಗದದ ಮೇಲಿನ ಅನ್ನ ಮುಕ್ಕಾಲು ಪಾಲು ಇಳಿದಿತ್ತು. ಹೆರ್ಮಿನೆ ಅದನ್ನು ನೋಡಿಯೂ ನೋಡದಂತೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಮೂಲೆಯ ಮೇಜಿಗೆ ಆ ಯಂತ್ರವನ್ನು ಬಿಗಿದಿತ್ತು. ಅವಳು ಚೀಲದಿಂದ ಮುಚ್ಚಳ ತೆಗೆದು ಅಂಗೈಯಲ್ಲಿ ಹಿಡಿದಳು.

“ಇದು ಯಾರದು, ಕಿಯೂಮರ್ಸ್?”

“ನಿಮ್ಮದು. ಹಸಿರು.”

“ಸರಿಯಾಗಿ ನೋಡು.”

“ನೋಡೋದೇನಿದೆ? ಹಸಿರು ಹಸಿರೇ.”

“ನನ್ನ ಮುಚ್ಚಳದ ನೆತ್ತಿ ಮೇಲೆ ಗುಂಡಿ ಇರುತ್ತೆ. ನೀನೇ ಎಷ್ಟು ಸಲ ಗೇಲಿ ಮಾಡಿಲ್ಲ? ಹೆರ್ಮಿನೆ ಖಾನುಂ ಬಾಟಲಿಗೆ ಹೊಕ್ಕಳಿದೆ ಅಂತ. ಇದಕ್ಕೆ ಹೊಕ್ಕಳು ಎಲ್ಲಿದೆ, ತೋರಿಸು.”

ಅವನು ಕೈ ಒರೆಸಿಕೊಂಡ. ಒಂದು ಬೆರಳನ್ನು ಎರಡೆರಡು ಸಲ ಒರೆಸಿಕೊಂಡ.

“ದೆಲಾರಾಮ್ ಕೂಡ ಯಂತ್ರ ತೊಗೊಂಡು ಹೋಗ್ತಾಳೆ.”

“ಕೊನೇ ಸಲ ಯಾವಾಗ ತೊಗೊಂಡು ಹೋದ್ಲು?”

“ಮೊನ್ನೆ. ಇಲ್ಲ, ಹೋದ ತಿಂಗಳು. ನೆನಪಿಲ್ಲ ನನಗೆ.”

“ಅದನ್ನ ಮೇಜಿಗೆ ಬಿಗಿದ ಮೊಳೆಗಳ ತಲೆ ಮೇಲೆ ತುಕ್ಕು ಹಿಡಿದಿದೆ. ಅದು ಇಲ್ಲಿಂದ ಅಲ್ಲಾಡಿ ಎಷ್ಟೋ ತಿಂಗಳಾಗಿದೆ.”

“ಪೊಲೀಸಿನವರಿಗಿಂತ ಕಡೆ ಆದ್ರಲ್ಲ ಖಾನುಂ ನೀವು!”

“ಅವರು ನಾಲ್ಕಕ್ಕೆ ಬರ್ತಾರೆ. ನಾನು ಮೊದಲು ಬಂದಿದ್ದೀನಿ, ಅಷ್ಟೇ. ನನ್ನ ಹತ್ರ ಹೇಳಿದ್ರೆ ನಿನಗೇ ಒಳ್ಳೇದು.”

ಕಿಯೂಮರ್ಸ್ ಎದ್ದು ಹೋಗಿ ಶಟರನ್ನು ಪೂರ್ತಿ ಎಳೆದ. ಅಂಗಡಿ ಕತ್ತಲಾಯಿತು. ಹೆರ್ಮಿನೆ ಮುಚ್ಚಳವನ್ನು ಚೀಲಕ್ಕೆ ಹಾಕಿಕೊಂಡಳು. ಅವನು ದೀಪ ಹಾಕಿ ವಾಪಸು ಬಂದು, ಅವಳ ಎದುರು ಮಂಡಿಯೂರಿ ಕೂತ. ಮುಖ ಬೆವೆತಿತ್ತು.

“ನಾನೇ,” ಎಂದ. “ಆದ್ರೆ ನೀವು ಅಂದ್ಕೊಂಡ ಹಾಗಲ್ಲ. ನನ್ನ ಮಕ್ಕಳಾಣೆ, ತಮಾಷೆಗೆ ಮಾಡಿದ್ದು.”

“ಏನು ತಮಾಷೆ?”

“ಯಾವಾಗ್ಲೂ ನಿಮ್ಮದನ್ನೇ ಹೊಗಳ್ತಿದ್ರಲ್ಲ. ನಾನು ಮಾಡಿದ್ದನ್ನ ನಿಮ್ಮ ಮುಚ್ಚಳದ ಕೆಳಗೆ ಇಟ್ಟರೆ ಏನಂತಾರೆ ನೋಡೋಣ ಅಂತ. ಹೊಗಳಿದ್ರೆ ಮುಂದಿನ ಶುಕ್ರವಾರ ಎಲ್ಲರೆದುರು ಗುಟ್ಟು ಬಿಚ್ಚಬೇಕು ಅಂತಿದ್ದೆ. ಶುಕ್ರವಾರ ನೀವೆಲ್ಲ ಹರಟುತ್ತಿದ್ದಾಗ ಫ್ರಿಜ್ಜಲ್ಲಿ ಇಟ್ಟು ಬಂದೆ.”

“ನಿನ್ನ ಬಿಯರಲ್ಲಿ ಮೆಥನಾಲ್ ಎಲ್ಲಿಂದ ಬಂತು?”

“ಅದೇ ಕಣ್ರೀ ನನಗೂ ಗೊತ್ತಾಗ್ದೇ ಇದ್ದಿದ್ದು!” ಅವನು ಹಣೆ ಚಚ್ಚಿಕೊಂಡ. “ಎರಡು ದಿನ ಯೋಚನೆ ಮಾಡಿ ಮಾಡಿ ಕೊನೆಗೆ ಹೊಳೀತು. ಇರಜ್ ಆಘಾ ಕಿತ್ತಳೆ ಹೂವಿನ ಸಾರ ಮಾಡಿಟ್ಟಿದ್ರಲ್ಲ, ಸ್ಪಿರಿಟ್ಟಿನಲ್ಲಿ ಹೂವು ನೆನೆಹಾಕಿ? ಬಿಯರಿಗೆ ಘಮ ಬರಲಿ ಅಂತ? ಅದನ್ನ ಕದ್ದೆ. ಮೂರು ವಾರದ ಹಿಂದೆ ಅವರ ಕಪಾಟಿನಿಂದ ಅರ್ಧ ನನ್ನ ಶೀಶೆಗೆ ಸುರ್ಕೊಂಡೆ. ಉಳಿದರ್ಧ ಅಲ್ಲೇ ಬಿಟ್ಟೆ. ಅಷ್ಟನ್ನೂ ಆ ಒಂದು ಬಾಟಲಿಗೆ ಹಾಕ್ದೆ. ಅವರ ಸ್ಪಿರಿಟ್ಟೇ ಕೆಟ್ಟದ್ದು ಅಂತ ನನಗೇನು ಗೊತ್ತು? ಎಲ್ಲಿಂದ ತಂದಿದ್ರೋ, ಯಾವನು ಕೊಟ್ಟಿದ್ನೋ!”

ಹೆರ್ಮಿನೆ ಉಸಿರು ಬಿಟ್ಟಳು. ಕೇಳಿದರೆ ಸರಿಯಾಗಿಯೇ ಇತ್ತು. ಕಾಳಸಂತೆಯಲ್ಲಿ ಸಿಗುವ ಸ್ಪಿರಿಟ್ಟಿನಲ್ಲಿ ಏನೇನು ಬೆರೆತಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಅರ್ಧ ಶೀಶೆ ಸಾಕು. ಒಬ್ಬನ ಕಣ್ಣಿಗೆ ಅಷ್ಟು ಬೇಕಾದಷ್ಟಾಯಿತು.

ಮರುಕ್ಷಣವೇ ಅವಳಿಗೆ ಇನ್ನೊಂದು ಯೋಚನೆ ಬಂತು. ಉಳಿದರ್ಧ ಎಲ್ಲಿ?

ಫೋನ್ ತೆಗೆದು ಮಹ್‌ಲಗಾಳಿಗೆ ಕರೆ ಮಾಡಿದಳು. ಕಿಯೂಮರ್ಸ್‌ಗೂ ಕೇಳಲೆಂದು ಫೋನನ್ನು ಫ್ರಿಜ್ಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು.

“ಮಹ್‌ಲಗಾ, ಇರಜ್ ಮಾಡಿಟ್ಟ ಕಿತ್ತಳೆ ಹೂವಿನ ಸಾರ ಎಲ್ಲಿದೆ? ಕಪಾಟಿನಲ್ಲಿದ್ಯಾ?”

“ಅದಾ? ಅದಿಲ್ಲ. ಶನಿವಾರ ಬೆಳಿಗ್ಗೆ ದೆಲಾರಾಮ್ ಬಂದು ತೊಗೊಂಡು ಹೋದ್ಲು. ತಂಗಿ ನಿಶ್ಚಿತಾರ್ಥದ ಬಿಯರಿಗೆ ಬೇಕಂತೆ, ಇವರೇ ಕೊಟ್ಟರು.”

“ಎಷ್ಟು ಶೀಶೆ ಇತ್ತು?”

“ಇದ್ದಿದ್ದೇ ಒಂದು. ಯಾಕೆ? ಏನಾಯ್ತು?” ಆ ಕಡೆ ಯಾರೋ ಮಾತಾಡಿದ ಸದ್ದು ಕೇಳಿತು. “ಹೆರ್ಮಿನೆ ಖಾನುಂ, ಇರಿ, ಒಂದು ಒಳ್ಳೇ ಸುದ್ದಿ. ಇವರಿಗೆ ಎಚ್ಚರ ಬರ್ತಾ ಇದೆ. ಇನ್ನೊಂದು ಗಂಟೇಲಿ ಮಾತಾಡಬಹುದು ಅಂದ್ರು ಡಾಕ್ಟ್ರು.”

ಹೆರ್ಮಿನೆ ತಲೆಯೆತ್ತಿದಳು. ಕಿಯೂಮರ್ಸ್‌ನ ಮುಖದಲ್ಲಿ ರಕ್ತವೇ ಇರಲಿಲ್ಲ. ಪಾಪ, ಪಶ್ಚಾತ್ತಾಪ ಎಂದುಕೊಂಡಳು.

“ನಿಶ್ಚಿತಾರ್ಥ ಯಾವತ್ತು?” ಎಂದು ಅವನನ್ನು ಕೇಳಿದಳು.

“ಇವತ್ತು,” ಎಂದ ಕಿಯೂಮರ್ಸ್. “ಮೂರೂವರೆಗೆ. ಮೂವತ್ತು ಜನ.”

ಹೆರ್ಮಿನೆ ದೆಲಾರಾಮ್‌ಗೆ ಕರೆ ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದಳು. ಯಾರೂ ಎತ್ತಲಿಲ್ಲ.

ಗುಂಪಿನಲ್ಲಿ ಒಂದು ಚಿತ್ರ ಬಂದಿತ್ತು. ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು, ಅದರ ಮೇಲೆ ಸಾಲು ಸಾಲು ಬಾಟಲಿ. ಕೆಳಗೆ ದೆಲಾರಾಮ್ ಬರೆದಿದ್ದಳು. “ಇರಜ್ ಆಘಾ ಬೇಗ ಹುಷಾರಾಗಲಿ. ಇವತ್ತು ಅವರ ಹೆಸರಲ್ಲಿ ಮೊದಲ ಲೋಟ.”

ಕಿಯೂಮರ್ಸ್ ಆಗಲೇ ಗಾಡಿಯ ಕೀಲಿ ಕೈಗೆತ್ತಿಕೊಂಡಿದ್ದ. “ನಡೀರಿ, ಕೂತ್ಕೊಳ್ಳಿ. ಅರ್ಧ ಗಂಟೇಲಿ ನಾರ್ಮಕ್ ಮುಟ್ಟಿಸ್ತೀನಿ.”

*

ನೀಲಿ ಪಿಕಪ್ಪಿನ ಕಿಟಕಿ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಹೆರ್ಮಿನೆ ಬೆರಳು ನೋಯುವಷ್ಟು ಫೋನ್ ಒತ್ತಿದಳು. ಪ್ರತಿ ಸಿಗ್ನಲ್ಲಿನಲ್ಲೂ ಅವಳಿಗೆ ಮೂವತ್ತು ಲೋಟ ಕಾಣುತ್ತಿದ್ದವು. ಲೋಟ ಎತ್ತುವ ಕೈಗಳು ಕಾಣುತ್ತಿದ್ದವು. ಪ್ರಯೋಗಾಲಯದಲ್ಲಿದ್ದಾಗ ಇಂಥದೊಂದು ಮದುವೆ ಮನೆಯ ಹದಿನಾಲ್ಕು ಹೆಸರಿನ ಪಟ್ಟಿಯನ್ನು ಅವಳೇ ಬರೆದಿದ್ದಳು. ಆ ಪಟ್ಟಿಯ ಎರಡನೇ ಹೆಸರು ಮದುಮಗನದು.

“ತುರ್ತು ವಾಹನಕ್ಕೆ ಫೋನ್ ಮಾಡ್ಲಾ?” ಎಂದಳು.

“ಮಾಡಿ ಏನಂತೀರಿ? ಮನೆ ತುಂಬ ಬಿಯರ್ ಇದೆ, ಬನ್ನಿ ಅಂತೀರಾ? ಆ ಹುಡುಗಿ ತಂಗಿ ಬಾಳು ಇವತ್ತೇ ಮುಗೀತು. ಮೊದಲು ನೋಡೋಣ. ಕುಡಿದಿದ್ರೆ ಆಮೇಲೆ ಮಾಡೋಣ.”

ಅದೂ ಸರಿಯೆನಿಸಿತು. ಅವನು ಹೇಳುತ್ತಿದ್ದುದೆಲ್ಲ ಸರಿಯೆನಿಸುತ್ತಿತ್ತು.

ದೆಲಾರಾಮ್‌ಳ ಕಟ್ಟಡದ ಮುಂದೆ ಗಾಡಿ ನಿಂತಾಗ ಮೂರು ಇಪ್ಪತ್ತು. “ನೀವು ಹತ್ತಿ, ನಾನು ಗಾಡಿ ನಿಲ್ಲಿಸಿ ಬರ್ತೀನಿ,” ಎಂದ ಕಿಯೂಮರ್ಸ್. ಲಿಫ್ಟಿನ ಬಾಗಿಲಿಗೆ ಕೆಟ್ಟಿದೆ ಎಂಬ ಚೀಟಿ ಅಂಟಿಸಿತ್ತು. ಅರವತ್ತೊಂದು ವಯಸ್ಸಿನ ಹೆರ್ಮಿನೆ ನಾಲ್ಕು ಮಹಡಿಯನ್ನು ಕಂಬಿ ಹಿಡಿದು ಹತ್ತಿದಳು. ಮೂರನೇ ಮಹಡಿಯಲ್ಲೇ ಮೇಲಿನ ಹಾಡು, ನಗು, ಚಪ್ಪಾಳೆ ಕೇಳಿಸಿತು.

ಬಾಗಿಲು ತೆರೆದವಳು ದೆಲಾರಾಮಳೇ. ಕೆಂಪು ಉಡುಪು, ಕಿವಿಯಲ್ಲಿ ಜೋತಾಡುವ ಓಲೆ.

“ಹೆರ್ಮಿನೆ ಖಾನುಂ! ಏನಾಯ್ತು, ಹೀಗೆ ಏದುಸಿರು ಬಿಡ್ತಿದ್ದೀರಿ?”

“ಯಾರಾದ್ರೂ ಕುಡಿದ್ರಾ?”

“ಏನನ್ನ?”

“ಬಿಯರ್ ಕಣೇ! ಬಾಟಲಿ ತೆಗೆದ್ರಾ?”

“ಇಲ್ಲ, ಇನ್ನೂ ಗಂಡಿನ ಕಡೆಯವರೇ ಬಂದಿಲ್ಲ. ಯಾಕೆ?”

ಹೆರ್ಮಿನೆ ಗೋಡೆಗೆ ಒರಗಿದಳು. “ಯಾರೂ ಮುಟ್ಟಬಾರದು. ಒಂದು ಹನಿ ಕೂಡ. ಇರಜ್ ಕೊಟ್ಟ ಸಾರ ಅದಕ್ಕೆ ಹಾಕಿದ್ಯಲ್ಲ, ಅದೇ ವಿಷ. ಕಿಯೂಮರ್ಸ್ ಅದರಲ್ಲಿ ಅರ್ಧ ತೊಗೊಂಡಿದ್ದ. ಅದೇ ಇರಜ್ ಹೊಟ್ಟೆಗೆ ಹೋಗಿದ್ದು.”

ದೆಲಾರಾಮ್ ಅವಳನ್ನೇ ನೋಡಿದಳು. ಭಯವಲ್ಲ, ಅರ್ಥವಾಗದ ನೋಟ. ಆಮೇಲೆ ಅವಳನ್ನು ಕೈಹಿಡಿದು ಪಕ್ಕದ ಕೋಣೆಗೆ ಕರೆದೊಯ್ದು, ಪುಸ್ತಕಗಳ ಹಿಂದಿನಿಂದ ಶೀಶೆಯೊಂದನ್ನು ತೆಗೆದಳು.

“ಈ ಸಾರನಾ? ಇದನ್ನ ನಾನು ಹಾಕೇ ಇಲ್ಲ. ಜರೇಷ್ಕ್ ಹುಳಿಗೆ ಹೂವಿನ ಘಮ ಹೊಂದಲ್ಲ ಅನ್ನಿಸ್ತು, ಹಾಗೇ ಇಟ್ಟೆ. ನೋಡಿ.”

ಕುತ್ತಿಗೆಯವರೆಗೂ ತುಂಬಿದ ಶೀಶೆ. ಬಿರಡೆಯ ಸುತ್ತ ಕೆಂಪು ಮೇಣ ಕರಗಿಸಿ ಹೊಯ್ದಿತ್ತು. ಮೇಣದ ಮೇಲೆ ಸೂಜಿಯಿಂದ ಕೊರೆದ ತಾರೀಖು, ಇರಜ್‌ನದೇ ಕೈಬರಹ. ಹೊಸ ವರ್ಷದ ನವರೋಜ್ ಹಬ್ಬ ಕಳೆದು ಎರಡು ವಾರಕ್ಕೆ ಹಾಕಿದ ಮೇಣ. ಅಂದರೆ ಎರಡೂವರೆ ತಿಂಗಳ ಹಿಂದಿನದು. ಎಲ್ಲಿಯೂ ಒಂದು ಬಿರುಕಿಲ್ಲ.

ಮೂರು ವಾರದ ಹಿಂದೆ ಇದರಿಂದ ಯಾರೂ ಅರ್ಧ ಸುರಿದುಕೊಂಡಿರಲಿಲ್ಲ.

ಹೆರ್ಮಿನೆ ಚಾಕು ಕೇಳಿ ಮೇಣ ಕೆತ್ತಿ ಬಿರಡೆ ಎಳೆದಳು. ಕೋಣೆಯ ತುಂಬ ಕಿತ್ತಳೆ ಹೂವಿನ ಪರಿಮಳ ಹರಡಿತು. ಬೆಳಿಗ್ಗೆ ತಾನು ಮೂಸಿದ ಬಾಟಲಿಯಲ್ಲಿ ಇದರ ಸುಳಿವೂ ಇರಲಿಲ್ಲ. ಅರ್ಧ ಶೀಶೆ ಸುರಿದಿದ್ದರೆ ವಾರ ಕಳೆದರೂ ಆ ಗಾಜು ಬಿಡುವ ಘಮವೇ ಇದು? ಆಗಲೇ ಹೊಳೆಯಬೇಕಿತ್ತು. ಗಾಬರಿಯಲ್ಲಿ ತಲೆ ಕೆಲಸ ಮಾಡಿರಲಿಲ್ಲ.

“ಅವನು ಸುಳ್ಳು ಹೇಳಿದ,” ಎಂದಳು, ತನಗೇ ಹೇಳಿಕೊಳ್ಳುವಂತೆ. “ಮುಚ್ಚಳ ಸಿಕ್ಕಿಬಿತ್ತು ಅಂತ ಅಷ್ಟನ್ನ ಒಪ್ಪಿಕೊಂಡ. ಉಳಿದದ್ದನ್ನ ಇರಜ್ ಮಾಡಿದ ಈ ಸಾರದ ಮೇಲೆ ಹೊರಿಸಿದ.”

“ಯಾರು? ಕಿಯೂಮರ್ಸಾ? ಅವರು ಎಲ್ಲಿದ್ದಾರೆ?”

ಇಬ್ಬರೂ ಕಿಟಕಿಗೆ ಓಡಿದರು. ಕೆಳಗೆ ಬೀದಿ ಬದಿಯ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಲು ಬೇಕಾದಷ್ಟು ಜಾಗ ಖಾಲಿಯಿತ್ತು. ನೀಲಿ ಪಿಕಪ್ ಎಲ್ಲಿಯೂ ಕಾಣಲಿಲ್ಲ.

“ಓಡಿ ಹೋದ್ನಾ?” ದೆಲಾರಾಮ್ ಪಿಸುಗುಟ್ಟಿದಳು. “ಖಾನುಂ, ಅವನು ಇರಜ್ ಆಘಾಗೆ ಯಾಕೆ ಹಾಗೆ ಮಾಡಬೇಕು? ಏನಿತ್ತು ಅವರಿಬ್ಬರ ನಡುವೆ?”

“ಅದು ಇರಜ್‌ಗೆ ಮಾತ್ರ ಗೊತ್ತು. ಈ ಶುಕ್ರವಾರ ಮಾತಾಡ್ಬೇಕು ಅಂದಿದ್ದು ಅದನ್ನೇ ಇರಬೇಕು.”

ಹಾಗೆಂದವಳೇ ಹೆರ್ಮಿನೆ ಮಹ್‌ಲಗಾಳ ನಂಬರು ಒತ್ತಿದಳು. ಪೊಲೀಸರಿಗೆ ಯಾರ ಹೆಸರು ಹೇಳಬೇಕೆಂದು ಈಗಲಾದರೂ ತಿಳಿಸಬಹುದು. ಮೊದಲ ಗಂಟೆಗೇ ಅವಳು ಕರೆ ಎತ್ತಿದಳು. ಆ ಕಡೆ ಬೀದಿಯ ಗದ್ದಲ, ಹಾರ್ನ್ ಸದ್ದು.

“ಮಹ್‌ಲಗಾ, ಎಲ್ಲಿದ್ದೀರಿ?”

“ಟ್ಯಾಕ್ಸೀಲಿ, ಮನೆಗೆ ಹೋಗ್ತಿದ್ದೀನಿ. ನಾಲ್ಕಕ್ಕೆ ಅವರು ಬರ್ತಾರಲ್ಲ.” ಮಹ್‌ಲಗಾಳ ದನಿಯಲ್ಲಿ ಎರಡು ದಿನದಲ್ಲಿ ಮೊದಲ ಬಾರಿಗೆ ಸ್ವಲ್ಪ ನಿರಾಳ ಕೇಳಿಸಿತು. “ಇವರು ಕಣ್ಣು ಬಿಟ್ರು, ಹೆರ್ಮಿನೆ ಖಾನುಂ. ಕಾಣೋದಿಲ್ಲ, ಆದ್ರೆ ನನ್ನ ಕೈ ಹಿಡಿದು ಏನೋ ಹೇಳೋಕೆ ಹೊರಟ್ರು. ಹೇಗಪ್ಪಾ ಒಬ್ಬರನ್ನೇ ಬಿಟ್ಟು ಹೋಗಲಿ ಅಂತ ಅಳ್ತಾ ನಿಂತಿದ್ದೆ. ದೇವರು ಕಳಿಸಿದ ಹಾಗೆ ಬಂದ್ರು.”

“ಯಾರು?”

“ಕಿಯೂಮರ್ಸ್ ಆಘಾ. ನೀವು ಹೋಗಿ ಬನ್ನಿ, ನಾನು ಹತ್ರ ಕೂತಿರ್ತೀನಿ ಅಂದ್ರು. ಕೋಣೇಲಿ ಈಗ ಅವರಿಬ್ಬರೇ ಇದ್ದಾರೆ.”